ತುಂಬು ಎದೆಯ ತಾಯಿ ಎಳೆಗೂಸಿಗೆ ಹಾಲೂಡುವ ಕ್ರಮ

ಹಸುಳೆಗೆ ತಾಯಿಯ ಹಾಲಿಗಿಂತ ಮಿಗಿಲಾದ ಆಹಾರವಿಲ್ಲವೆಂಬುದನ್ನು ವಿದ್ಯಾವಂತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗಿಡಬೇಕು. ಮೊದಲ ೬ ತಿಂಗಳು ತಾಯಿಯ ಹಾಲನ್ನಲ್ಲದೆ ನೀರನ್ನೂ ಕೊಡಬಾರದು. ತರುವಾಯ ಇತರ ಆಹಾರದ ಸಂಗಡ ೨ ವರ್ಷಗಳವರೆಗೆ, ಸಾಧ್ಯವಾದರೆ ಅದಕ್ಕೂ ಮುಂದೆ, ಹಾಲೂಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಉಪದೇಶ. ಆಸ್ಪತ್ರೆಯ ಗೋಡೆಗಳ ಮೇಲೂ ಇದನ್ನು ಚಿತ್ರಸಹಿತವಾಗಿ ಬರೆದಿರುತ್ತಾರೆ. ಚಿತ್ರದಲ್ಲಿರುವ ತಾಯಿ ನೆಟ್ಟಗೆ ಕುಳಿತು, ಮಗುವನ್ನು ತೋಳಿನ ಮಡಿಕೆಯಲ್ಲಿ ಮಲಗಿಸಿಕೊಂಡು, ಇನ್ನೊಂದು ಕೈಯನ್ನು ನಿಶ್ಚಿಂತೆಯಿಂದ ಮಡಿಲಲ್ಲಿಟ್ಟು ನಗುತ್ತಿರುತ್ತಾಳೆ. ಅವಳ ಎದೆ ಹಗುರವಾದದ್ದು. ಎದೆ ದೊಡ್ಡದಾಗಿ, ಭಾರದಿಂದ ಕೆಳಗಿಳಿದಿರುವ ಬಾಣಂತಿಯು ಆ ಚಿತ್ರವನ್ನು ನೋಡಿ ಹಾಗೆಯೇ ಮಾಡಹೋದರೆ ಕೂಸಿನ ಬಾಯಿ ಮತ್ತೆ ಮತ್ತೆ ಜಾರುತ್ತದೆ, ತೊಟ್ಟು ಬಿರಿಯುತ್ತದೆ, ತಾಯಿಯ ಬೆನ್ನೂ ಕೊರಳೂ ನೋಯುತ್ತವೆ. ಆ ತಾಯಿಯ ಕಷ್ಟವನ್ನೂ ಅದರ ಪರಿಹಾರವನ್ನೂ ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಇಂತಹ ವಿಷಯವನ್ನು ಬಹಿರಂಗವಾಗಿ ಆಡಬಹುದೇ ಎಂದು ಕೆಲವರು ಸಂಕೋಚಪಡಬಹುದು. ಆ ಸಂಕೋಚದಿಂದಲೇ ಎಷ್ಟೋ ಮಂದಿ ತಾಯಂದಿರು ಕೇಳಬೇಕಾದುದನ್ನು ಕೇಳದೆ, ಹತ್ತು ದಿನಗಳೊಳಗೆ ಸೀಸೆಯನ್ನು ಹಿಡಿಯುತ್ತಾರೆ. ಆದಕಾರಣ ಗಂಡಸರೂ ಇದು ತಮಗೆ ಸಂಬಂಧಪಡದ ಮಾತೆಂದು ಎದ್ದುಹೋಗಬಾರದಾಗಿ ಪ್ರಾರ್ಥನೆ. ನಡುರಾತ್ರಿಯಲ್ಲಿ ದಿಂಬನ್ನು ತಂದು ಬೆನ್ನಿಗೆ ಒತ್ತುಕೊಡುವ ಕೈ ಅವರದೂ ಆಗಬಹುದಷ್ಟೆ.

ದೊಡ್ಡ ಎದೆಯ ಬಾಣಂತಿಯ ವಿಷಯದಲ್ಲಿ ಮನೆಯವರು ಸಾಮಾನ್ಯವಾಗಿ ಎರಡು ತೀರ್ಪುಗಳನ್ನು ಕೊಡುತ್ತಾರೆ. "ಇಷ್ಟು ತುಂಬಿಕೊಂಡಿದ್ದರೂ ಕೂಸು ಅಳುತ್ತದೆ, ಹಾಲೇ ಇಲ್ಲ" ಎಂಬುದು ಒಂದು. "ಕೂಸಿಗೆ ಉಸಿರು ಕಟ್ಟುತ್ತದೆ" ಎಂಬುದು ಇನ್ನೊಂದು. ಮೊದಲನೆಯದನ್ನು ಮೊದಲು ವಿಚಾರಿಸೋಣ.

ಸ್ತನದೊಳಗೆ ಹಾಲನ್ನು ತಯಾರಿಸುವ ಗ್ರಂಥಿಗಳೂ, ಅವುಗಳ ನಡುವೆ ಕೊಬ್ಬೂ ಇರುತ್ತವೆ. ಒಬ್ಬಳಿಗೂ ಮತ್ತೊಬ್ಬಳಿಗೂ ತೋರುವ ಗಾತ್ರದ ವ್ಯತ್ಯಾಸವು ಬಹುಮಟ್ಟಿಗೆ ಕೊಬ್ಬಿನಿಂದಾದದ್ದು. ಹಾಲಿನ ಪ್ರಮಾಣವನ್ನು ಅದು ನಿರ್ಣಯಿಸುವುದಿಲ್ಲ. ಹಾಲಿನ ಉತ್ಪತ್ತಿಯನ್ನು ನಿರ್ಣಯಿಸುವುದು ಮುಖ್ಯವಾಗಿ ಹಾಲಿನ ವೆಚ್ಚ. ಕೂಸು ಚೆನ್ನಾಗಿ ಕುಡಿದು ಬರಿದು ಮಾಡಿದಷ್ಟೂ ಮತ್ತೆ ಊರುತ್ತದೆ. ಒಳಗೇ ನಿಂತರೆ ಉತ್ಪತ್ತಿ ತಗ್ಗುತ್ತದೆ. ಆದುದರಿಂದ ಎದೆ ದೊಡ್ಡದೆಂದು ಹಾಲು ತಾನಾಗಿ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಕೂಸು ಸರಿಯಾಗಿ ಹಿಡಿಯಲಾರದಿದ್ದಾಗ ಮಾತ್ರ ಹಾಲು ನಿಲ್ಲುತ್ತದೆ, ನಿಂತದ್ದು ಬತ್ತುತ್ತದೆ. ಮೊದಲ ಕೆಲವು ವಾರಗಳಲ್ಲಿ ಇದನ್ನು ತಿದ್ದದಿದ್ದರೆ, "ಹಾಲಿಲ್ಲ" ಎಂಬ ಸುಳ್ಳು ಮಾತು ಕೊನೆಗೆ ನಿಜವೇ ಆಗಿಬಿಡುವುದುಂಟು.

ಇಲ್ಲಿ ಶರೀರಶಾಸ್ತ್ರದ ಒಂದು ಸಂಗತಿಯನ್ನು ಹೇಳುವುದು ಉಪಯುಕ್ತ. ಲಂಡನ್ನಿನ ಶಸ್ತ್ರವೈದ್ಯ ಸರ್ ಆಸ್ಟ್ಲಿ ಕೂಪರ್ ಎಂಬಾತನು, ಹಾಲೂಡುತ್ತಿದ್ದ ಕಾಲದಲ್ಲಿ ಮೃತರಾದ ಸ್ತ್ರೀಯರ ಸ್ತನನಾಳಗಳಿಗೆ ಬಣ್ಣದ ಮೇಣವನ್ನು ತುಂಬಿ, ಅವುಗಳ ರಚನೆಯನ್ನು ಪರಿಶೀಲಿಸಿ, ೧೮೪೦ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಬಹುಕಾಲ ಪಠ್ಯಪುಸ್ತಕಗಳ ಚಿತ್ರಗಳಿಗೆ ಅದೇ ಆಧಾರವಾಗಿತ್ತು. ೨೦೦೫ರಲ್ಲಿ ಆಸ್ಟ್ರೇಲಿಯದ ಪಶ್ಚಿಮ ಪ್ರಾಂತದ ಸಂಶೋಧಕರು, ಗರ್ಭದಲ್ಲಿನ ಶಿಶುವನ್ನು ನೋಡಲು ಬಳಸುವಂತಹ ಅಲ್ಟ್ರಾಸೌಂಡ್ ಯಂತ್ರದಿಂದ, ಹಾಲೂಡುತ್ತಿರುವ ತಾಯಂದಿರ ಎದೆಯನ್ನೇ ನೋಡಿದರು. ತೊಟ್ಟಿನ ಬಳಿ ಹಾಲಿನ ನಾಳಗಳು ಸರಾಸರಿ ೯ ಮಾತ್ರ ಕಂಡುವು. ಅವು ಚರ್ಮಕ್ಕೆ ಬಹು ಸಮೀಪದಲ್ಲಿದ್ದು, ಸ್ವಲ್ಪ ಒತ್ತಿದರೂ ಅಮುಕಿಕೊಳ್ಳುವುವೆಂದೂ ತಿಳಿದುಬಂತು. ಇದರಿಂದ ನಮಗೆ ದೊರೆಯುವ ಪಾಠವೇನೆಂದರೆ, ಎದೆಯನ್ನು ಆತುಕೊಳ್ಳುವ ಬೆರಳುಗಳು ತೊಟ್ಟಿನಿಂದ ದೂರವಿರಬೇಕು. ಬಿಗಿಯಾದ ಕುಪ್ಪಸವನ್ನು ಮೇಲಕ್ಕೆ ಸರಿಸಿ ಅದರ ಅಂಚು ಎದೆಗೆ ಕಚ್ಚುವಂತೆ ಕೂರಬಾರದು.

ಇನ್ನು ಕ್ರಮಕ್ಕೆ ಬರೋಣ. ನಾನು ಹೇಳಬೇಕಾದುದನ್ನೆಲ್ಲಾ ಒಂದೇ ವಾಕ್ಯದಲ್ಲಿ ಅಡಗಿಸಬಹುದು: ಎದೆಯನ್ನು ಕೂಸಿನ ಬಳಿಗೆ ಎತ್ತಿ ಒಯ್ಯಬಾರದು, ಎದೆ ಇರುವಲ್ಲಿಗೆ ಕೂಸನ್ನು ತರಬೇಕು. ಭಾರವಾದ ಎದೆಯನ್ನು ಎತ್ತಿ ಕೂಸಿನ ಬಾಯಿಗಿಟ್ಟರೆ, ಕೈ ಸಡಿಲವಾದೊಡನೆ ಅದು ತನ್ನ ಸ್ಥಾನಕ್ಕೆ ಇಳಿಯುತ್ತದೆ. ಕೂಸು ತೊಟ್ಟಿನ ತುದಿಯನ್ನು ಮಾತ್ರ ಕಚ್ಚಿ ಎಳೆಯುತ್ತದೆ. ನೋವೂ ಬಿರುಕೂ ಅಲ್ಲಿಂದಲೇ ಆರಂಭ.

ಆದಕಾರಣ ತಾಯಿ ಮೊದಲು ಬೆನ್ನಿಗೆ ಲೋಡನ್ನೋ ದಿಂಬನ್ನೋ ಆನಿಸಿ ಸುಖವಾಗಿ ಕುಳಿತು, ಎದೆಯನ್ನು ತಾನಾಗಿ ಇಳಿಯಬಿಟ್ಟು, ತೊಟ್ಟು ಯಾವ ಕಡೆಗೆ ಮುಖಮಾಡಿದೆಯೆಂದು ನೋಡಿಕೊಳ್ಳಬೇಕು. ದೊಡ್ಡ ಎದೆಯಲ್ಲಿ ಅದು ಅನೇಕ ವೇಳೆ ಕೆಳಕ್ಕೆ ಅಥವಾ ಪಕ್ಕಕ್ಕೆ ತಿರುಗಿರುತ್ತದೆ. ತನಗೆ ಕಾಣದಿದ್ದರೆ ಕನ್ನಡಿಯೊಂದನ್ನು ಎದುರಿಗಿಟ್ಟುಕೊಳ್ಳಬಹುದು. ಮೆತ್ತನೆಯ ಹಳೆಯ ಪಂಚೆಯನ್ನೋ ತುವಾಲೆಯನ್ನೋ ಸುರುಳಿ ಸುತ್ತಿ ಎದೆಯ ಕೆಳಗೆ ಇಟ್ಟರೆ ಭಾರವನ್ನು ಅದೇ ಹೊರುತ್ತದೆ. ತೊಟ್ಟು ಕಣ್ಣಿಗೆ ಕಾಣುವಂತೆ ಎದುರಿಗೆ ಬರುತ್ತದೆ. ಒಂದು ಕೈಗೆ ಬಿಡುವೂ ಸಿಕ್ಕುತ್ತದೆ. ಮಡಿಲಲ್ಲಿ ದಿಂಬುಗಳನ್ನು ಪೇರಿಸುವ ಅಭ್ಯಾಸ ಇಂತಹ ತಾಯಿಗೆ ಅನುಕೂಲವಲ್ಲ. ಕೂಸು ಎದೆಗಿಂತ ಎತ್ತರಕ್ಕೆ ಹೋಗಿಬಿಡುತ್ತದೆ.

ಕೂಸನ್ನು ಹಿಡಿಯುವ ಭಂಗಿಗಳಲ್ಲಿ ಮೂರು ಈ ತಾಯಂದಿರಿಗೆ ಹೆಚ್ಚು ಒಪ್ಪುತ್ತವೆ. ಮೊದಲನೆಯದು ಕಂಕುಳ ಭಂಗಿ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ಬರುವ ಹೆಂಗಸಿನ ತೋಳು ಕೊಡವನ್ನು ಹೇಗೆ ಬಳಸಿರುತ್ತದೆಯೋ ಹಾಗೆ ಕೂಸನ್ನು ಪಕ್ಕದಲ್ಲಿ ಹಿಡಿಯಬೇಕು. ಕೂಸಿನ ಕಾಲುಗಳು ತಾಯಿಯ ಬೆನ್ನಿನ ಕಡೆಗೆ, ಮುಖ ಎದೆಯ ಕಡೆಗೆ. ಕೂಸಿನ ಕೊರಳೂ ಭುಜವೂ ಅಂಗೈಯಲ್ಲಿ. ಇದರಲ್ಲಿ ಎದೆಯ ಭಾರ ಕೂಸಿನ ಮೇಲೆ ಬೀಳುವುದಿಲ್ಲ. ಅದರ ಬಾಯಿ ತಾಯಿಗೆ ಸ್ಪಷ್ಟವಾಗಿ ಕಾಣುತ್ತದೆ. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿಕೊಂಡವಳಿಗೆ ಗಾಯದ ಮೇಲೆ ಒತ್ತಡವೂ ಇಲ್ಲ.

ಎರಡನೆಯದು ಪಕ್ಕಕ್ಕೆ ಮಲಗಿ ಊಡುವುದು. ಎದೆಯ ಭಾರವನ್ನು ಹಾಸಿಗೆಯೇ ಹೊರುತ್ತದೆ. ಕೂಸನ್ನು ತನ್ನ ಕಡೆಗೆ ಪೂರ್ತಿ ತಿರುಗಿಸಿ ಮಲಗಿಸಿಕೊಳ್ಳಬೇಕು. ಕೇವಲ ತಲೆಯನ್ನು ಹೊರಳಿಸಿದರೆ ಸಾಲದು. ತೊಟ್ಟು ಹಾಸಿಗೆಗೆ ತೀರ ಸಮೀಪವಾದರೆ ಮಡಿಸಿದ ಬಟ್ಟೆಯೊಂದನ್ನು ಎದೆಯ ಕೆಳಗೆ ಸೇರಿಸಬಹುದು. ಹಾಸಿಗೆ ಗಟ್ಟಿಯಾಗಿರಬೇಕು, ದಿಂಬುಗಳೂ ದಪ್ಪ ಹೊದಿಕೆಗಳೂ ಕೂಸಿನ ಮುಖದ ಬಳಿ ಇರಕೂಡದು. ಸೋಫಾದ ಮೇಲಾಗಲಿ, ಆರಾಮಕುರ್ಚಿಯಲ್ಲಾಗಲಿ ಕೂಸನ್ನು ಎದೆಗಿಟ್ಟುಕೊಂಡು ನಿದ್ರಿಸುವುದು ಅಪಾಯಕರ.

ಮೂರನೆಯದು ಹಿಂದಕ್ಕೆ ಒರಗಿ ಊಡುವುದು. ತಾಯಿ ದಿಂಬುಗಳಿಗೆ ಅರ್ಧ ಒರಗಿಕೊಂಡು, ಕೂಸನ್ನು ತನ್ನ ಎದೆಯ ಮೇಲೆ ಬೋರಲಾಗಿ ಮಲಗಿಸಿಕೊಳ್ಳುತ್ತಾಳೆ. ಎದೆಯ ಭಾರ ತಾಯಿಯ ದೇಹದ ಮೇಲೆಯೇ ಹರಡುತ್ತದೆ. ಕೂಸಿನ ಭಾರವನ್ನೂ ಅದೇ ದೇಹ ಹೊರುತ್ತದೆ. ತೊಟ್ಟನ್ನು ಹುಡುಕಿ ಹಿಡಿಯುವ ಸಹಜವಾದ ಶಕ್ತಿ ಎಳೆಗೂಸಿಗೆ ಉಂಟು. ಈ ಭಂಗಿಯಲ್ಲಿ ಅದು ಚೆನ್ನಾಗಿ ಪ್ರಕಟವಾಗುತ್ತದೆ.

ಭಂಗಿ ಯಾವುದಾದರೂ ಬಾಯಿಗೆ ಹಿಡಿಸುವ ವಿಧಾನ ಒಂದೇ. ಕೂಸಿನ ಮೂಗು ತೊಟ್ಟಿಗೆ ಎದುರಾಗಿರಲಿ. ತೊಟ್ಟಿನಿಂದ ಅದರ ಮೇಲ್ದುಟಿಯನ್ನು ಮೆಲ್ಲಗೆ ಸೋಕಿಸಿದರೆ ಕೂಸು ತಲೆಯನ್ನು ಹಿಂದಕ್ಕೆ ಮಾಡಿ ಬಾಯಿಯನ್ನು ಅಗಲವಾಗಿ ತೆರೆಯುತ್ತದೆ. ಒಡನೆ ಅದನ್ನು ಎದೆಗೆ ಸೇರಿಸಬೇಕು. ಗದ್ದ ಮೊದಲು ತಾಗಬೇಕು. ದೊಡ್ಡ ಮಾವಿನ ಹಣ್ಣನ್ನು ಕಚ್ಚುವವನು ಗದ್ದವನ್ನು ಮುಂದೆ ಮಾಡಿ ಬಾಯಿ ಅಗಲಿಸುವುದಿಲ್ಲವೇ, ಹಾಗೆ. ಹಿಂದಿನಿಂದ ತಲೆಯನ್ನು ಅದುಮಬಾರದು. ಗದ್ದ ಎದೆಗೊತ್ತಿದ್ದರೆ ನುಂಗುವುದು ಎಷ್ಟು ಕಷ್ಟವೆಂಬುದು ಚೊಂಬನ್ನೆತ್ತಿ ನೀರು ಕುಡಿಯುವವರಿಗೆಲ್ಲಾ ಗೊತ್ತು. ತೊಟ್ಟಿನ ಸುತ್ತಲ ಕಪ್ಪು ವೃತ್ತವು ಕೆಲವರಲ್ಲಿ ಬಹಳ ಅಗಲವಾಗಿರುವುದರಿಂದ ಅದೆಲ್ಲವೂ ಬಾಯೊಳಗೆ ಹೋಗಬೇಕೆಂಬ ನಿಯಮವಿಲ್ಲ. ಮೇಲ್ದುಟಿಯ ಕಡೆ ಹೆಚ್ಚು, ಕೆಳದುಟಿಯ ಕಡೆ ಕಡಿಮೆ ಕಾಣುತ್ತಿದ್ದರೆ ಸರಿ. ಕೆಳದುಟಿ ಹೊರಕ್ಕೆ ಮಡಿಸಿರಬೇಕು, ಕೆನ್ನೆ ಗುಂಡಾಗಿರಬೇಕು, ನುಂಗುವ ಸದ್ದು ಕೇಳಬೇಕು. ನೋವು ನಿಲ್ಲದೆ ಇದ್ದರೆ ಕಿರುಬೆರಳನ್ನು ಬಾಯಂಚಿನಲ್ಲಿ ಸೇರಿಸಿ ಬಿಡಿಸಿ, ಮತ್ತೆ ಪ್ರಾರಂಭಿಸಬೇಕು.

ಈಗ ಎರಡನೆಯ ತೀರ್ಪು, ಉಸಿರಿನ ಭಯ. ಕೂಸಿನ ಮೂಗು ಮೊಂಡಾಗಿದ್ದು ಅದರ ಹೊಳ್ಳೆಗಳು ಪಕ್ಕಕ್ಕೆ ಅರಳಿರುವುದು ವ್ಯರ್ಥವಲ್ಲ. ಎದೆಗೆ ತಾಗಿದ್ದರೂ ಪಕ್ಕದಿಂದ ಗಾಳಿ ಆಡುತ್ತದೆ. ನಿಜವಾಗಿ ಉಸಿರಿಗೆ ಅಡ್ಡಿಯಾದರೆ ಆರೋಗ್ಯವಂತ ಕೂಸು ಬಾಯಿ ಬಿಟ್ಟು ಹಿಂದೆ ಸರಿಯುತ್ತದೆ. ಸರಿಯಲು ಅದರ ತಲೆಗೆ ಎಡೆಯಿರಬೇಕು, ಅಷ್ಟೆ. ಮೂಗಿನ ಬಳಿ ಎದೆಯನ್ನು ಬೆರಳಿನಿಂದ ಅದುಮುವ ಪದ್ಧತಿಯಿಂದ ತೊಟ್ಟು ಬಾಯಿಂದ ಜಾರಬಹುದು. ಅದರ ಬದಲು ಕೂಸಿನ ಪೃಷ್ಠವನ್ನು ತನ್ನ ಕಡೆಗೆ ಇನ್ನಷ್ಟು ಒತ್ತಿಕೊಂಡರೆ ತಲೆ ತಾನಾಗಿ ಸ್ವಲ್ಪ ಹಿಂದಕ್ಕೆ ಬಾಗಿ ಮೂಗು ಬಿಡುವಾಗುತ್ತದೆ. ಎದೆಯ ಭಾರವು ಕೂಸಿನ ಎದೆಯ ಮೇಲೋ ಗದ್ದದ ಮೇಲೋ ಕೂರದಂತೆ ನೋಡಿಕೊಳ್ಳುವುದು ಮಾತ್ರ ಅವಶ್ಯಕ. ಬಟ್ಟೆಯ ಸುರುಳಿ ಇರುವುದು ಅದಕ್ಕಾಗಿಯೇ.

ನನ್ನಲ್ಲಿ ಓದಿದ್ದ ಹುಡುಗಿಯೊಬ್ಬಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆರನೆಯ ದಿನ ನಾನು ನೋಡಹೋದಾಗ ಎರಡು ತೊಟ್ಟುಗಳೂ ಬಿರಿದು, ಕೂಸಿನ ಅಳು ಕೇಳಿದೊಡನೆ ಅವಳ ಮೈ ಬಿಗಿಯುತ್ತಿತ್ತು. "ಬಿಡೇ ತಾಯಿ, ಕೂಸಿಗೆ ಉಸಿರು ಕಟ್ಟೀತು, ಸೀಸೆ ಹಿಡಿ" ಎಂದು ಅಜ್ಜಿ ಹೇಳುತ್ತಿದ್ದರು. ಅಜ್ಜಿಯದು ಒರಟುತನವಲ್ಲ, ಭಯ. ಅನುಭವಸ್ಥಳಾದ ದಾದಿಯೊಬ್ಬಳು ಬಂದು ಔಷಧವನ್ನೇನೂ ಕೊಡಲಿಲ್ಲ. ಕೂಸನ್ನು ಮಡಿಲಿನಿಂದ ಕಂಕುಳಿಗೆ ಸರಿಸಿದಳು, ಎದೆಯ ಕೆಳಗೆ ಪಂಚೆಯ ಸುರುಳಿಯನ್ನಿಟ್ಟಳು, ಗದ್ದ ಮೊದಲು ತಾಗುವಂತೆ ಹಿಡಿಸಿದಳು. ನೋವು ಅಂದೇ ಮಾಯವಾಗಲಿಲ್ಲ. ನಾಲ್ಕು ದಿನ ಹಿಡಿಯಿತು. ಆದರೆ ಮಾರನೆಯ ದಿನದಿಂದ ಪಂಚೆಯನ್ನು ಸುತ್ತಿಕೊಡುವ ಕೆಲಸವನ್ನು ಅಜ್ಜಿಯೇ ವಹಿಸಿಕೊಂಡರು. ಸೀಸೆ ಗೂಡಿನಲ್ಲಿಯೇ ಉಳಿಯಿತು.

ಇನ್ನು ಕೆಲವು ಸಣ್ಣ ಸಂಗತಿಗಳು. ಮೂರನೆಯ ದಿನದಿಂದ ಐದನೆಯ ದಿನದೊಳಗೆ ಹಾಲು ತುಂಬಿ ಎದೆ ಕಲ್ಲಿನಂತಾಗುವುದುಂಟು. ಆಗ ತೊಟ್ಟು ಚಪ್ಪಟೆಯಾಗಿ ಕೂಸಿಗೆ ಸಿಕ್ಕುವುದಿಲ್ಲ. ತೊಟ್ಟಿನ ಬುಡದ ಸುತ್ತ ಬೆರಳ ತುದಿಗಳನ್ನಿಟ್ಟು ಎದೆಗೂಡಿನ ಕಡೆಗೆ ಮೃದುವಾಗಿ ಒಂದು ನಿಮಿಷ ಒತ್ತಿಹಿಡಿದರೆ, ಇಲ್ಲವೆ ಕೈಯಿಂದ ಸ್ವಲ್ಪ ಹಾಲನ್ನು ಹಿಂಡಿದರೆ, ಆ ಭಾಗ ಮೆತ್ತಗಾಗುತ್ತದೆ. ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ಬೇಯುವುದರಿಂದ ದಿನವೂ ನೀರಿನಿಂದ ತೊಳೆದು ಚೆನ್ನಾಗಿ ಒರೆಸಿ ಒಣಗಿಸಬೇಕು. ಒಳಕುಪ್ಪಸವು ಭಾರವನ್ನು ಆತುಕೊಳ್ಳುವಂತಿರಬೇಕು. ಬಿಗಿಯಾಗಲಿ, ತಂತಿಯುಳ್ಳದ್ದಾಗಲಿ ಬೇಡ.

ಹಾಲು ಸಾಕಾಗುತ್ತಿದೆಯೇ ಎಂಬುದನ್ನು ಎದೆಯ ಗಾತ್ರದಿಂದಲೂ ಅಳೆಯಬಾರದು, ಕೂಸಿನ ಅಳುವಿನಿಂದಲೂ ಅಳೆಯಬಾರದು. ಎಳೆಗೂಸು ೨೪ ಗಂಟೆಗಳಲ್ಲಿ ೮ರಿಂದ ೧೨ ಸಲ ಕುಡಿಯುವುದು ಸಹಜ. ಐದನೆಯ ದಿನದ ತರುವಾಯ ದಿನಕ್ಕೆ ೬ ಸಲವಾದರೂ ಬಟ್ಟೆ ಒದ್ದೆಯಾಗಬೇಕು. ಮೊದಲ ದಿನಗಳಲ್ಲಿ ಇಳಿದ ತೂಕ ಎರಡು ವಾರಗಳೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಹಾಗಾಗದಿದ್ದರೂ, ಕೂಸು ಎಚ್ಚರಿಸಿದರೂ ಕುಡಿಯದೆ ಮಂಕಾಗಿದ್ದರೂ, ತಾಯಿಗೆ ಜ್ವರ ಬಂದು ಎದೆಯಲ್ಲಿ ಕೆಂಪಾದ ಗಟ್ಟಿಭಾಗ ಕಂಡರೂ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ವೈದ್ಯರ ಸಲಹೆಯ ಮೇರೆಗೆ ಕೆಲವು ಕಾಲ ಬೇರೆ ಹಾಲು ಬೇಕಾಯಿತೆಂದರೆ ಅದರಲ್ಲಿ ತಾಯಿಯ ಅಪರಾಧವೇನೂ ಇಲ್ಲ.

ಮಹಾಶಯರೇ, ಬಾಣಂತಿಯ ಕೋಣೆಗೆ ನಾವು ಕೊಬ್ಬರಿ, ಬೆಲ್ಲ, ಅಂಟಿನುಂಡೆಗಳನ್ನು ಧಾರಾಳವಾಗಿ ಕಳುಹಿಸುತ್ತೇವೆ. ಅವುಗಳ ಜೊತೆಗೆ ಒಂದು ಹಳೆಯ ಪಂಚೆಯನ್ನೂ, ಎರಡು ದಿಂಬುಗಳನ್ನೂ, ಅರ್ಧ ಗಂಟೆಯ ಏಕಾಂತವನ್ನೂ ಕಳುಹಿಸಿಕೊಟ್ಟರೆ, "ಹಾಲಿಲ್ಲ" ಎಂಬ ಮಾತನ್ನು ಕೇಳಬೇಕಾಗುವ ತಾಯಂದಿರ ಸಂಖ್ಯೆ ನಿಶ್ಚಯವಾಗಿಯೂ ಕಡಿಮೆಯಾಗುತ್ತದೆ.