ಬೆಟ್ಟದ ಗುಡಿ ಮತ್ತು ಬೆಟ್ಟದ ಕಲ್ಲು



ಮಧುಗಿರಿ, ಮಿಡಿಗೇಶಿ, ಪಾವಗಡ, ನಿಡಗಲ್ಲು. ನಮ್ಮ ಸೀಮೆಯ ಈ ದುರ್ಗಗಳ ಹೆಸರು ಬಂದ ಕೂಡಲೇ ಪಾಳೆಯಗಾರರು, ಮುತ್ತಿಗೆ, ಬುರುಜು ಎಂದು ಮಾತು ಹರಿಯುತ್ತದೆ. ಅದೇ ಬೆಟ್ಟಗಳ ಗುಡಿ, ಬಸದಿಗಳಿಗೆ ಬಂದಾಗ ‘ಶಿಲ್ಪ ಸಾಧಾರಣ’ ಎಂಬ ಷರಾ ಬರೆದು ಮುಂದಕ್ಕೆ ಹೋಗುತ್ತೇವೆ. ಆ ಷರಾ ತಪ್ಪು ಎಂಬುದೇ ಇಂದಿನ ನನ್ನ ವಾದ.

ನಿಡಗಲ್ಲನ್ನೇ ನೋಡಿ. 3,772 ಅಡಿ ಎತ್ತರದ ಈ ಬೆಟ್ಟ, ಕರಿಕಾಲ ಚೋಳನ ವಂಶದವರೆಂದು ಹೇಳಿಕೊಂಡ ನಿಡುಗಲ್ಲು ಚೋಳರ ನೆಲೆ. ಬಿ.ಎಲ್. ರೈಸ್ ಅವರು 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ತುಮಕೂರು ಸಂಪುಟದಲ್ಲಿ ಇಲ್ಲಿನ 1232ರ ಶಾಸನವಿದೆ. ಅರಸ ಇರುಂಗೋಳನ ಕೈಕೆಳಗಿದ್ದ ಗಂಗೇಯನ ಮಾರೆಯ ಬೆಟ್ಟದಲ್ಲಿ ಪಾರ್ಶ್ವಜಿನನಿಗೆ ಬಸದಿ ಕಟ್ಟಿಸಿದ. ಜೋಗವಟ್ಟಿಗೆ ಬಸದಿ ಎಂದು ಅದರ ಹೆಸರು. ಅರಸ ಅದಕ್ಕೆ ಭೂಮಿ ಬಿಟ್ಟ. ಮೇಲಿನ ಪೂಜೆ ನಡೆಯಬೇಕಾದರೆ ಕೆಳಗಿನ ಹೊಲ ಬೆಳೆಯಬೇಕು. ಗುಡಿಯ ನಕ್ಷೆ ಬರೆಯುವವರು ದತ್ತಿಯ ಹೊಲಗಳನ್ನೂ ಆ ನಕ್ಷೆಗೆ ಸೇರಿಸಿಕೊಳ್ಳಬೇಕು.

ಈ ಶಾಸನಕ್ಕೆ 14 ವರ್ಷ ಕಳೆದ ಮೇಲೆ, 1246ರಲ್ಲಿ, ನುಗ್ಗೇಹಳ್ಳಿಯಲ್ಲಿ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯ ಎದ್ದಿತು. ಅಲ್ಲಿನ ಕುಸುರಿಯನ್ನು ಕಂಡ ಕಣ್ಣಿಗೆ ನಮ್ಮ ಕಂಬಗಳು ಒರಟಾಗಿ ಕಾಣುವುದು ಸಹಜ. ಆದರೆ ಅವರ ಕೈಗೆ ಸಿಕ್ಕಿದ್ದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿರುವಂಥದ್ದು. ನಮ್ಮದು ರಾಮನಗರದಿಂದ ಉತ್ತರಕ್ಕೆ ಬಳ್ಳಾರಿಯ ಕಡೆಗೆ ಹಬ್ಬಿದ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಉಳಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಸಾಲಾಗಿ ಕುಳಿ ತೋಡಿ ಬೆಣೆ ಬಡಿದರೆ ನೆಟ್ಟಗೆ ಸೀಳುತ್ತದೆ, ಬೆಂಕಿಯಲ್ಲಿ ಕಾಯಿಸಿದರೆ ಮೇಲಿನ ಪದರ ಚಪ್ಪಡಿಯಾಗಿ ಏಳುತ್ತದೆ. ಕಲ್ಲಿನ ತೊಲೆ ಹೆಚ್ಚು ಅಗಲವನ್ನು ದಾಟಲಾರದು, ಹಾಗಾಗಿ ಕಂಬಗಳು ಹತ್ತಿರ ಹತ್ತಿರ ನಿಲ್ಲುತ್ತವೆ. ಇದು ಕಲೆಯ ಬಡತನವಲ್ಲ. ಕಲ್ಲಿನ ಗುಣ ಬಲ್ಲವರ ನಿರ್ಧಾರ.

ಹೆಚ್ಚು ಕಡಿಮೆ ಅದೇ ಕಾಲದಲ್ಲಿ, ಇಥಿಯೋಪಿಯದಲ್ಲಿ ಸುಮಾರು 2,500 ಮೀಟರ್ ಎತ್ತರದ ಲಾಲಿಬೆಲಾ ಎಂಬ ಬೆಟ್ಟದೂರಿನಲ್ಲಿ ಬಂಡೆಯನ್ನೇ ಕೊರೆದು 11 ಚರ್ಚುಗಳನ್ನು ಮಾಡಿದರು. ಸಂತ ಜಾರ್ಜರ ಚರ್ಚು ಶಿಲುಬೆಯಾಕಾರದಲ್ಲಿ ಆಳವಾದ ಹೊಂಡದೊಳಗೆ ನಿಂತಿದೆ, ಅದರ ಮಾಳಿಗೆ ನೆಲದ ಮಟ್ಟಕ್ಕಿದೆ. ಅಲ್ಲಿಯದು ಕೊರೆಯಬಲ್ಲ ಜ್ವಾಲಾಮುಖಿಯ ಕಲ್ಲು, ಅದಕ್ಕೇ ಅವರು ಕೆಳಕ್ಕೆ ಇಳಿದರು. ನಮ್ಮವರು ಸೀಳಿ, ಜೋಡಿಸಿ, ಮೇಲಕ್ಕೆ ಕಟ್ಟಿದರು. ಧರ್ಮ ಬೇರೆ, ಅರಸರು ಬೇರೆ. ಎರಡೂ ಕಡೆ ಬಂಡೆಯ ಮಾತು ಕೇಳಿಯೇ ಕೆಲಸ ಸಾಗಿದೆ. ಲಾಲಿಬೆಲಾ 1978ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇನ್ನು ನೀರು. ನನಗೆ ಅತಿ ಮುಖ್ಯವೆನಿಸುವ ಸಂಗತಿ ಇದು. ಮಳೆ ಕಡಿಮೆಯ ಈ ಸೀಮೆಯಲ್ಲಿ ಬೋಳು ಬಂಡೆಯ ಮೇಲೆ ಬಿದ್ದ ಹನಿಯೆಲ್ಲ ಹರಿದು ಬಂಡೆಯ ಕುಳಿಯಾದ ದೊಣೆಯನ್ನು ಸೇರುತ್ತದೆ. ಮಧುಗಿರಿ ಬೆಟ್ಟದ ನವಿಲುದೊಣೆ, ಭೀಮನದೊಣೆಗಳ ಹೆಸರುಗಳು ಗೆಜೆಟಿಯರಿನಲ್ಲೂ ಇವೆ. ಅಭಿಷೇಕಕ್ಕೂ ನೀರು ಬೇಕು, ಗಾರೆ ಕಲಸುವುದಕ್ಕೂ ಬೇಕು, ಕೆಲಸದವರ ಗಂಜಿಗೂ ಬೇಕು. ಗುಡಿಗೆ ಜಾಗ ಗೊತ್ತುಮಾಡುವಾಗ ನೀರನ್ನು ಲೆಕ್ಕಕ್ಕೆ ಹಿಡಿಯದೆ ಯಾರೂ ಕೆಲಸ ಶುರುಮಾಡಲಾರರು. ಆದರೂ ನಮ್ಮ ಪ್ರಬಂಧಗಳಲ್ಲಿ ಗರ್ಭಗುಡಿ, ಸುಕನಾಸಿ, ನವರಂಗ ಬಂದಷ್ಟು ದೊಣೆ ಬರುವುದಿಲ್ಲ.

ಇಂದು ಈ ಕಟ್ಟಡಗಳಿಗೆ ಇರುವ ಕಾಟ ನಿಮಗೆಲ್ಲ ಗೊತ್ತು: ನಿಧಿಗಳ್ಳರ ಹಾರೆ, ಕಲ್ಲುಗಣಿಯ ಸಿಡಿಮದ್ದು, ಭಕ್ತಿಯಿಂದಲೇ ಬಳಿಯುವ ಎಣ್ಣೆಬಣ್ಣ ಮತ್ತು ಸಿಮೆಂಟು. ಬಣ್ಣದ ಕೆಳಗೆ ಅಕ್ಷರ ಮುಚ್ಚಿಹೋದರೆ ಓದುವವರಿಗೆ ಏನು ಉಳಿಯುತ್ತದೆ?

ಇಲ್ಲಿ ಪ್ರಬಂಧ ಮಂಡಿಸುವ ಪ್ರತಿಯೊಬ್ಬರೂ ಒಂದೊಂದು ಬೆಟ್ಟದ ಗುಡಿಯನ್ನು ಆರಿಸಿಕೊಂಡು, ಅದರ ದೊಣೆ, ಮೆಟ್ಟಿಲು, ಬೆಣೆ ಬಡಿದ ಗುರುತು, ದತ್ತಿಯ ಹೊಲ ಎಲ್ಲವನ್ನೂ ಅಳೆದು ನಕ್ಷೆ ಮಾಡಿ. ಅದರ ಒಂದು ಪ್ರತಿಯನ್ನು ಆಯಾ ಗ್ರಾಮ ಪಂಚಾಯಿತಿಗೂ ಊರಿನ ಶಾಲೆಗೂ ಕೊಡಿ ಎಂದು ಕೇಳಿಕೊಳ್ಳುತ್ತೇನೆ.