ನಕ್ಷತ್ರಗಳನ್ನು ನಾವೇ ಓದೋಣ

(ಹಚ್ಚೊಳ್ಳಿಯಲ್ಲಿ ರಾತ್ರಿ ಸೇರಿದ್ದ ಕಾರ್ಮಿಕರ ಮತ್ತು ವರ್ತಕರ ಕೂಟದಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ಅಂಗಡಿ ಬಾಗಿಲು ಹಾಕಿ ಬಂದಿರುವ ವರ್ತಕ ಬಂಧುಗಳೇ, ಮನೆಗೆಲಸ ಮುಗಿಸಿ ಬಂದಿರುವ ತಾಯಂದಿರೇ,

ಇಂದಿನ ಮಾತು ನಕ್ಷತ್ರಗಳನ್ನು ಕುರಿತದ್ದು ಎಂದು ಕೇಳಿ ಹಿರಿಯರೊಬ್ಬರು ಈಗತಾನೇ ನಕ್ಕರು. "ಏನ್ರಿ, ಕೂಲಿ ಮಾತು ಮುಗೀತಾ? ಈಗ ಚಿಕ್ಕಿ ಎಣಸಾಕ ಬಂದ್ರ್ಯಾ?" ಎಂದರು. ಕೂಲಿಯ ಮಾತು ಮುಗಿದಿಲ್ಲ, ಅದನ್ನು ಬಿಡುವವರೂ ನಾವಲ್ಲ. ಆದರೆ ಚಿಕ್ಕಿಯ ಮಾತೂ ಕೊನೆಗೆ ಕೂಲಿಯ ಮಾತಿಗೇ ಬಂದು ಸೇರುತ್ತದೆ. ಹೇಗೆಂದು ಕೇಳಿರಿ.

ನಮ್ಮೊಳಗೆ ಒಬ್ಬ ಹಮಾಲಿ ಸಂಗಾತಿ ಇದ್ದಾರೆ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಮಗಳನ್ನು ಓದಿಸಿದವರು. ಮೂರು ಕಡೆಯಿಂದ ಹೆಣ್ಣು ನೋಡಲು ಬಂದರು. ಹುಡುಗಿ ಒಪ್ಪಿಗೆ, ಮನೆತನ ಒಪ್ಪಿಗೆ. ಜಾತಕ ತೋರಿಸಿದ ಮೇಲೆ ಮೂರು ಕಡೆಯವರೂ ಒಂದೇ ಮಾತು ಹೇಳಿ ಕಳುಹಿಸಿದರು: "ಮೂಲಾ ನಕ್ಷತ್ರದ ಹುಡುಗಿ, ಮಾವಗ ಆಗಿಬರಂಗಿಲ್ಲ." ನಾಲ್ಕನೆಯವರು ಒಪ್ಪಿದರು; ಆದರೆ ದೋಷವಿರುವ ಹುಡುಗಿಯನ್ನು ತಂದುಕೊಳ್ಳುತ್ತೇವಲ್ಲಾ ಎಂದು ಹೆಚ್ಚಿನ ಹಣ ಕೇಳಿದರು. ಆಕಾಶದ ಚಿಕ್ಕಿಯೊಂದು ಹಮಾಲಿಯ ಮನೆಗೆ ಸಾಲವಾಗಿ ಇಳಿದು ಬಂದ ಬಗೆ ಇದು! ಆ ಸಂಗಾತಿ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಆ ಮೂಲಾ ಅಂಬೋದು ಎಲ್ಲೈತ್ರಿ? ಒಂದ್ಸಲ ತೋರಿಸ್ರಿ."

ಅವರ ಪ್ರಶ್ನೆಗೆ ಉತ್ತರವೇ ಇಂದಿನ ಭಾಷಣ. ಆದರೆ ಉತ್ತರ ತಿಳಿಯಬೇಕಾದರೆ ಆಕಾಶವನ್ನು ಮೊದಲಿನಿಂದ ಓದಬೇಕು. ದೀಪ ಆರಿಸೋಣ. ಹತ್ತು ನಿಮಿಷ ಕಣ್ಣು ಕತ್ತಲಿಗೆ ಪಳಗಲಿ. ಇದು ಮಾಘದ ಅಮಾವಾಸ್ಯೆಯ ಆಸುಪಾಸು, ರಾತ್ರಿ ಎಂಟು ಗಂಟೆ. ಬಳ್ಳಾರಿ ಪೇಟೆಯ ದೀಪಗಳ ನಡುವೆ ಕಾಣದೆ ಹೋದ ಆಕಾಶ ಇಲ್ಲಿಯ ಎರೆಹೊಲಗಳ ಮೇಲೆ ಇನ್ನೂ ಉಳಿದಿದೆ.

ದಕ್ಷಿಣಕ್ಕೆ ಮುಖ ಮಾಡಿ ತಲೆ ಎತ್ತಿರಿ. ನೆತ್ತಿಗಿಂತ ಸ್ವಲ್ಪ ಕೆಳಗೆ ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ಮೂರು ನಕ್ಷತ್ರಗಳು ಕಾಣುತ್ತವೆ. ಅವುಗಳ ಸುತ್ತ ನಾಲ್ಕು ಮೂಲೆಗೆ ನಾಲ್ಕು. ಎಡಗಡೆ ಮೇಲಿನ ಮೂಲೆಯಲ್ಲಿ ಕೆಂಪಗೆ ಇರುವುದೇ ಆರಿದ್ರಾ. ಮೇಲಿನ ಎರಡು ನಕ್ಷತ್ರಗಳ ನಡುವೆ, ಇನ್ನೂ ಸ್ವಲ್ಪ ಮೇಲೆ, ಮಂಕಾಗಿ ಕಾಣುವ ಪುಟ್ಟ ಗುಂಪೇ ಮೃಗಶಿರಾ. ಮೂರರ ಸಾಲನ್ನು ಎಡಕ್ಕೆ ಕೆಳಗೆ ಎಳೆದುಕೊಂಡು ಹೋಗಿ: ಎಲ್ಲಕ್ಕಿಂತ ಬೆಳ್ಳಗೆ ಉರಿಯುತ್ತಿರುವುದು ಲುಬ್ಧಕ. ಅದೇ ಸಾಲನ್ನು ಬಲಕ್ಕೆ ಮೇಲೆ ಎಳೆಯಿರಿ: ಕೆಂಪು ರೋಹಿಣಿ, ಅದರಾಚೆ ಹಿಡಿ ಅಕ್ಕಿ ಚೆಲ್ಲಿದ ಹಾಗೆ ಕೃತ್ತಿಕೆ. ಒಂದು ಗೆರೆ ಹಿಡಿದು ಎರಡು ಮಳೆಗಳ ಮತ್ತು ಆಕಾಶದ ಅತ್ಯಂತ ಪ್ರಕಾಶದ ನಕ್ಷತ್ರದ ವಿಳಾಸ ಸಿಕ್ಕಿತು. ದಕ್ಷಿಣದಲ್ಲಿ ಕೆಳಗೆ ಒಂಟಿಯಾಗಿ ಹೊಳೆಯುತ್ತಿರುವುದು ಅಗಸ್ತ್ಯ.

ಈ ಚಿತ್ರವನ್ನು ಬರೆದವರು ಯಾರು? ಗ್ರೀಕರು ಇಲ್ಲಿ ನಡುಪಟ್ಟಿ ಕಟ್ಟಿದ ಬೇಟೆಗಾರನನ್ನು ಕಂಡರು. ನಮ್ಮ ಹಿರಿಯರು ಜಿಂಕೆಯನ್ನು, ಅದಕ್ಕೆ ನಾಟಿದ ಬಾಣವನ್ನು ಕಂಡರು. ಹೊಲದಲ್ಲಿ ದುಡಿಯುವ ನಮ್ಮ ಕಣ್ಣಿಗೆ ಆ ಮೂರು ನಕ್ಷತ್ರ ಕೂರಿಗೆಯ ಮೂರು ತಾಳಿನ ಹಾಗೆ ಕಂಡರೆ ತಪ್ಪೇನೂ ಇಲ್ಲ. ನಕ್ಷತ್ರಗಳು ಅವೇ, ಚಿತ್ರ ಮಾತ್ರ ನೋಡುವವನ ಬಾಳುವೆಯಿಂದ ಬಂದದ್ದು. ಲೋಕದ ಖಗೋಳ ವಿಜ್ಞಾನಿಗಳು 1922ರಲ್ಲಿ ಸೇರಿ, ಇಡೀ ಆಕಾಶಕ್ಕೆ 88 ಪುಂಜಗಳೆಂದು ಒಪ್ಪಿಕೊಂಡರು. ಅದು ತಾಲ್ಲೂಕಿನ ಗಡಿ ಹಾಕಿದ ಹಾಗೆ, ಗುರುತಿನ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು. ನೆಲದಲ್ಲಿ ಗಡಿ ತಾನಾಗಿ ಮೂಡುವುದಿಲ್ಲ, ಆಕಾಶದಲ್ಲಿಯೂ ಅಷ್ಟೇ.

ಇನ್ನೊಂದು ಮಾತು. ಒಂದು ಪುಂಜದಲ್ಲಿ ಕಾಣುವ ನಕ್ಷತ್ರಗಳು ಒಂದೇ ಓಣಿಯ ಮನೆಗಳೆಂದು ತಿಳಿಯಬೇಡಿರಿ. ರಾತ್ರಿ ಸಿರುಗುಪ್ಪದ ರಸ್ತೆಯಲ್ಲಿ ನಿಂತು ನೋಡಿದರೆ, ಹತ್ತಿರ ಬರುವ ಸೈಕಲ್ಲಿನ ದೀಪವೂ ದೂರದ ಗಿರಣಿಯ ದೀಪವೂ ಅಕ್ಕಪಕ್ಕದಲ್ಲಿಯೇ ಕಾಣುವುದಿಲ್ಲವೇ? ಹಾಗೆ. ಬೆಳಕು ಒಂದು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಒಂದು ವರ್ಷದಲ್ಲಿ ಅದು ಓಡುವ ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರಿಗೆ ಜ್ಯೋತಿರ್ವರ್ಷವೆಂದು ಹೆಸರು. ಲುಬ್ಧಕ ಎಂಟೂವರೆ ಜ್ಯೋತಿರ್ವರ್ಷಗಳಷ್ಟು ಹತ್ತಿರ. ಕೂರಿಗೆಯ ಮೇಲಿನ ಬಲ ಮೂಲೆಯ ನಕ್ಷತ್ರ ಸುಮಾರು 250, ಕೆಳಗಿನ ಬಲ ಮೂಲೆಯದು ಸುಮಾರು 860. ಒಂದರ ಮುಖ ಒಂದು ಕಾಣದವನ್ನು ನಾವು ಒಂದೇ ಚಿತ್ರದಲ್ಲಿ ಸೇರಿಸಿದ್ದೇವೆ. ಆದರೆ ಕೃತ್ತಿಕೆ ನಿಜವಾದ ಒಂದು ಮನೆ. ಅಲ್ಲಿಯವು ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿದ ನಕ್ಷತ್ರಗಳು.

ರಾತ್ರಿ ಪಾಳಿಯ ಸಂಗಾತಿಗಳು ಒಂದು ಸಂಗತಿಯನ್ನು ಗಮನಿಸಿರಬಹುದು. ನಕ್ಷತ್ರಗಳಿಗೂ ಪಾಳಿ ಉಂಟು. ದಿನಕ್ಕೆ ನಾಲ್ಕು ನಿಮಿಷದಂತೆ ಅವು ಮುಂಚಿತವಾಗಿ ಹುಟ್ಟುತ್ತವೆ. ತಿಂಗಳಿಗೆ ಎರಡು ಗಂಟೆಯಾಯಿತು. ಭೂಮಿ ತನ್ನ ಸುತ್ತ ತಿರುಗುತ್ತಲೇ ಸೂರ್ಯನ ಸುತ್ತಲೂ ನಡೆಯುವುದರಿಂದ ಹೀಗೆ. ಭೂಮಿ ತಿರುಗುವುದರಿಂದಲೇ ನಕ್ಷತ್ರಗಳು ಪಶ್ಚಿಮಕ್ಕೆ ಓಡಿದಂತೆ ಕಾಣುತ್ತವೆಂದು ಆರ್ಯಭಟ 499ರಷ್ಟು ಹಿಂದೆಯೇ ದೋಣಿಯ ಹೋಲಿಕೆ ಕೊಟ್ಟು ಹೇಳಿದನು. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರಿಗೆ ದಡ ಹಿಂದಕ್ಕೆ ಓಡುವುದು ಗೊತ್ತೇ ಇದೆ.

ಈಗ ಉತ್ತರಕ್ಕೆ ತಿರುಗಿ. ಈಶಾನ್ಯದಲ್ಲಿ ಸಪ್ತರ್ಷಿ ಮಂಡಲ ಏಳುತ್ತಿದೆ. ಹತ್ತು ಗಂಟೆಯ ಹೊತ್ತಿಗೆ ಏಳೂ ಕಾಣುತ್ತವೆ. ಮೊದಲು ಹುಟ್ಟುವ ಎರಡು ನಕ್ಷತ್ರ ಪುಲಹ, ಕ್ರತು. ಪುಲಹನಿಂದ ಕ್ರತುವಿಗೆ ಗೆರೆ ಎಳೆದು, ಅದರ ಐದರಷ್ಟು ಮುಂದೆ ಹೋದರೆ ಧ್ರುವ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿಯಿರಿ. ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಇಲ್ಲಿ ಧ್ರುವ ನೆಲದಂಚಿನಿಂದ ಒಂದೂವರೆ ಮುಷ್ಟಿ ಮೇಲಿದೆ. ಕೆಲಸ ಹುಡುಕಿಕೊಂಡು ದಿಲ್ಲಿಗೆ ಹೋದವರಿಗೆ ಸುಮಾರು ಮೂರು ಮುಷ್ಟಿ, ಕನ್ಯಾಕುಮಾರಿಯಲ್ಲಿ ಒಂದು ಮುಷ್ಟಿಗೂ ಕಡಿಮೆ. ಭೂಮಿ ದುಂಡಗಿದೆ ಎಂಬುದಕ್ಕೆ ನಿಮ್ಮ ಮುಷ್ಟಿಯೇ ಸಾಕ್ಷಿ.

ಏಳರಲ್ಲಿ ಕೊನೆಯಿಂದ ಎರಡನೆಯವನು ವಸಿಷ್ಠ; ಅವನ ಮಗ್ಗುಲಲ್ಲಿ ಸಣ್ಣಗೆ ಮಿನುಗುವವಳು ಅರುಂಧತಿ. ಮದುವೆಯ ದಿನ ಮಟಮಟ ಮಧ್ಯಾಹ್ನ ಚಪ್ಪರದ ಹೊರಗೆ ನಿಲ್ಲಿಸಿ ನಿಮಗೆ ತೋರಿಸಿದ್ದು ಇವಳನ್ನೇ. ಕಂಡಿತೇ ಎಂದರೆ ಕಂಡಿತು ಎಂದು ತಲೆಯಾಡಿಸಿದಿರಿ. ಇಂದಾದರೂ ನೋಡಿರಿ!

ನೋಡುವ ಕೆಲಸ ಈ ಸೀಮೆಗೆ ಹೊಸದಲ್ಲ. ನಮ್ಮ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963ರಿಂದ 65ರವರೆಗೆ ನಡೆದ ಅಗೆತದಿಂದ, ಮೂರೂವರೆ ಸಾವಿರ ವರ್ಷಗಳಷ್ಟು ಹಿಂದೆಯೇ ಅಲ್ಲಿಯ ಗುಡ್ಡಗಳಲ್ಲಿ ದನ ಸಾಕಿ ಬಾಳಿದ ಜನರ ಕುರುಹು ಸಿಕ್ಕಿದೆ. ಅವರ ತಲೆಯ ಮೇಲಿದ್ದುದೂ ಇವೇ ನಕ್ಷತ್ರಗಳು. ರಾಯಚೂರಿನಾಚೆ ಕೃಷ್ಣೆಯ ದಡದ ಮುಡುಮಲ್ ಎಂಬಲ್ಲಿ, ಈಗಿನ ತೆಲಂಗಾಣದಲ್ಲಿ, ನಿಲುಗಲ್ಲುಗಳ ಬಯಲಿದೆ. ಅಲ್ಲಿಯ ಒಂದು ಬಂಡೆಯ ಮೇಲೆ ಸಪ್ತರ್ಷಿಯನ್ನೇ ಹೋಲುವ ಕುಳಿಗಳನ್ನು ಕೊರೆದಿದ್ದಾರೆ. 2025ರಲ್ಲಿ ಆ ಜಾಗ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಪಂಚಾಂಗ ಹುಟ್ಟುವ ಮೊದಲೇ ಕಲ್ಲು ಕೊರೆಯುವ ಕೈ ಆಕಾಶವನ್ನು ಬರೆದುಕೊಂಡಿತ್ತು.

ಆದರೆ ತೆಕ್ಕಲಕೋಟೆಯ ಆ ಜನರಿಗೆ ನಮ್ಮ ಧ್ರುವ ಉತ್ತರ ತೋರಿಸುತ್ತಿರಲಿಲ್ಲ. ಭೂಮಿಯ ಅಕ್ಷ, ಬಳಲಿದ ಬುಗುರಿಯ ಹಾಗೆ, ಸುಮಾರು 26,000 ವರ್ಷಕ್ಕೊಮ್ಮೆ ಓಲಾಡಿ ಸುತ್ತು ಹಾಕುತ್ತದೆ. ಆದುದರಿಂದ ಧ್ರುವವೂ ಬದಲಾಗುತ್ತದೆ. ಋತುಗಳಿಗೂ ನಕ್ಷತ್ರಗಳಿಗೂ ಇರುವ ನಂಟು ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸರಿಯುತ್ತದೆ. ಸಂಕ್ರಾಂತಿಯನ್ನೇ ನೋಡಿರಿ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ನಾವು ಎಳ್ಳುಬೆಲ್ಲ ಹಂಚುವುದು ಜನವರಿ 14 ಅಥವಾ 15ಕ್ಕೆ. ಮೂರು ವಾರ ದಾಟಿ ಹೋಗಿದೆ.

ಮಳೆಯ ನಕ್ಷತ್ರಗಳ ಲೆಕ್ಕವೂ ಇದೇ. ಸೂರ್ಯ ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂದೊಂದರ ನೇರಕ್ಕೆ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಮೇ ಕೊನೆಯ ವಾರ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರಾ, 22ರ ಸುಮಾರಿಗೆ ಆರಿದ್ರಾ. ಆಗ ಆ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ. ರಾತ್ರಿ ಹುಡುಕಿದರೆ ಸಿಗದು. ಅಕ್ಷರ ಬಾರದ ರೈತನೂ ಈ ಲೆಕ್ಕದಿಂದ ಬಿತ್ತನೆಯ ಹೊತ್ತು ಹಿಡಿದನು, ವರ್ತಕನು ಬೀಜದ ಉದ್ದರಿ ಕೊಡುವ ಹೊತ್ತು ತಿಳಿದನು. ಅದು ಹಿರಿಯರ ಜಾಣತನ. ಆದರೆ ಮೃಗಶಿರಾ ಮಳೆಯನ್ನು ತರುವುದಿಲ್ಲ. ತರುವುದು ಕಾದ ನೆಲದ ಕಡೆಗೆ ಕಡಲಿನಿಂದ ಬೀಸುವ ಗಾಳಿ. ನಕ್ಷತ್ರ ಗೋಡೆಯ ಮೇಲಿನ ಗಡಿಯಾರ. ಗಿರಣಿಯ ಗಡಿಯಾರ ಎಂಟು ತೋರಿಸಿದಾಗ ಪಾಳಿ ಬದಲಾಗುತ್ತದೆ; ಆದರೆ ಮೂಟೆ ಹೊರುವುದು ಗಡಿಯಾರವಲ್ಲ.

ಈ ಗಡಿಯಾರವನ್ನು ಸರಿಪಡಿಸಲು 1952ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಮೇಘನಾದ ಸಾಹಾ. ಢಾಕಾ ಬಳಿಯ ಹಳ್ಳಿಯೊಂದರ ಚಿಕ್ಕ ಕಿರಾಣಿ ಅಂಗಡಿಯವರ ಮಗ. ನಕ್ಷತ್ರದ ಬೆಳಕನ್ನು ಪರೀಕ್ಷಿಸಿ ಅದರ ಬಿಸಿಯನ್ನು ಅಳೆಯುವ ದಾರಿಯನ್ನು 1920ರಲ್ಲಿ ಲೋಕಕ್ಕೆ ತೋರಿಸಿದವರು. ಅವರ ಸಮಿತಿಯ ವರದಿ 1955ರಲ್ಲಿ ಬಂತು. 1957ರ ಮಾರ್ಚ್ 22ರಂದು ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅಂಗಡಿಯ ಹುಡುಗನೊಬ್ಬ ನಕ್ಷತ್ರಗಳ ಲೆಕ್ಕ ಹಿಡಿದನೆಂದರೆ, ನಿಮ್ಮ ಮಕ್ಕಳು ಏಕೆ ಹಿಡಿಯಬಾರದು?

ಈಗ ಮೂಲಾಕ್ಕೆ ಬರೋಣ. ವೃಶ್ಚಿಕ, ಅಂದರೆ ಚೇಳು, ನಿಜಕ್ಕೂ ಚೇಳಿನ ಹಾಗೆಯೇ ಕಾಣುವ ಪುಂಜ. ಅದರ ತಲೆಯ ಬಳಿ ಅನೂರಾಧಾ, ಎದೆಯಲ್ಲಿ ಕೆಂಪು ಜ್ಯೇಷ್ಠಾ, ಕೊಂಡಿಯಲ್ಲಿ ಮೂಲಾ. ಆ ಕೊಂಡಿಯ ಪ್ರಕಾಶದ ನಕ್ಷತ್ರ ಐನೂರು ಜ್ಯೋತಿರ್ವರ್ಷಗಳಿಗೂ ದೂರ. ಇಂದು ನಮ್ಮ ಕಣ್ಣಿಗೆ ಬೀಳುವ ಅದರ ಬೆಳಕು ಹಂಪೆಯಲ್ಲಿ ವಿಜಯನಗರದ ಅರಸರು ಆಳುತ್ತಿದ್ದಾಗ ಹೊರಟದ್ದು. ಅಂದು ಹೊರಟ ಬೆಳಕಿಗೆ ಹಚ್ಚೊಳ್ಳಿಯಲ್ಲಿ ಯಾವ ಹುಡುಗಿ ಹುಟ್ಟುತ್ತಾಳೆ, ಅವಳ ಮಾವ ಯಾರಾಗುತ್ತಾನೆ ಎಂಬುದು ಹೇಗೆ ಗೊತ್ತು?

ಲೆಕ್ಕವನ್ನೂ ಹಾಕೋಣ, ವರ್ತಕ ಬಂಧುಗಳು ತಪ್ಪಿದ್ದರೆ ತಿದ್ದಲಿ. ಚಂದ್ರ ಇಪ್ಪತ್ತೇಳು ನಕ್ಷತ್ರಗಳನ್ನು ಇಪ್ಪತ್ತೇಳು ದಿನಕ್ಕೆ ಸ್ವಲ್ಪ ಮೇಲ್ಪಟ್ಟು ಸುತ್ತುತ್ತಾನೆ. ಅಂದರೆ ಪ್ರತಿ ಇಪ್ಪತ್ತೇಳು ಜನರಲ್ಲಿ ಸರಾಸರಿ ಒಬ್ಬರು ಮೂಲಾದವರು. ಸೊಸೆಯಿರುವ 270 ಮನೆಗಳಿದ್ದರೆ ಹತ್ತು ಮನೆಗಳಲ್ಲಿ ಮೂಲಾದ ಸೊಸೆ. ಜಾತಕ ಬರೆಸದ ಬಡವರ ಮನೆಗಳಲ್ಲಿಯೂ ಅಷ್ಟೇ ಮಂದಿ ಇದ್ದಾರೆ. ಅವರ ಮಾವಂದಿರು ಮೊಮ್ಮಕ್ಕಳನ್ನು ಆಡಿಸಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಾರೆ. ಅದೇ ದಿನ ಹುಟ್ಟಿದ ಗಂಡುಮಗನಿಗೆ ಹೆಣ್ಣು ಕೊಡುವಾಗ ಮಾವನ ಆಯುಸ್ಸಿನ ಮಾತು ಏಳುವುದಿಲ್ಲ. ಆಶ್ಲೇಷಾದ ಹೆಣ್ಣು ಅತ್ತೆಗಾಗದು, ಮೂಲಾದ ಹೆಣ್ಣು ಮಾವನಿಗಾಗದು! ನಕ್ಷತ್ರಕ್ಕೆ ಹೆಣ್ಣು ಗಂಡು ಎಂಬ ಭೇದ ಗೊತ್ತಿಲ್ಲ. ಭೇದ ಮಾಡಿದವರು ಮನುಷ್ಯರು. ಅದಕ್ಕೆ ಬೆಲೆ ಕಟ್ಟಿ ವಸೂಲು ಮಾಡುವವರೂ ಮನುಷ್ಯರು.

ಗ್ರಹಣದ ಗಳಿಗೆಯನ್ನು ಗುಣಿಸಿ ಹೇಳುವ ಗಣಿತಕ್ಕೆ ನಾವು ಕೈ ಮುಗಿಯುತ್ತೇವೆ. ಅದು ತಪ್ಪಿದರೆ ಎಲ್ಲರ ಕಣ್ಣೆದುರಿಗೆ ತಪ್ಪುತ್ತದೆ. ಹುಡುಗಿಯ ತಲೆಯ ಮೇಲೆ ದೋಷ ಹೊರಿಸುವ ಮಾತಿಗೆ ಅಂಥ ಪರೀಕ್ಷೆಯೇ ಇಲ್ಲ. ಎರಡನ್ನೂ ಒಂದೇ ಪುಸ್ತಕದಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇವೆ. ನಮ್ಮ ಸೂರ್ಯನೂ ಸೇರಿ ಸಾವಿರಾರು ಕೋಟಿ ನಕ್ಷತ್ರಗಳಿರುವ ಆಕಾಶಗಂಗೆಯ ನಡುಬಿಂದು ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದೆ. ಅದು ಇರುವ ದಿಕ್ಕು ಚೇಳಿನ ಕೊಂಡಿಯ ಪಕ್ಕದಲ್ಲಿಯೇ. ಊರೆಲ್ಲ ಅಂಜುವ ಮೂಲಾದ ಮಗ್ಗುಲಿನಲ್ಲಿಯೇ ಆಕಾಶಗಂಗೆ ಅತ್ಯಂತ ಸಮೃದ್ಧವಾಗಿ ಹರಡಿದೆ.

ಹಮಾಲಿ ಸಂಗಾತಿಗೆ ಈಗ ಮೂಲಾವನ್ನು ತೋರಿಸಲಾರೆವು. ಅದರ ಪಾಳಿ ಇನ್ನೂ ಬಂದಿಲ್ಲ. ನಾಳೆ ಬೆಳಗಿನ ಜಾವ ಐದಕ್ಕೆ ಆಗ್ನೇಯದಲ್ಲಿ, ನೆಲದಂಚಿನಿಂದ ಎರಡು ಮುಷ್ಟಿ ಮೇಲೆ, ಕೊಂಡಿ ಎತ್ತಿಕೊಂಡು ಬಂದಿರುತ್ತದೆ. ಊರ ಹೊರಗಿನ ಕಣದಲ್ಲಿ ಸೇರೋಣ. ಟಾರ್ಚು ಬೇಡ, ಕಂಬಳಿ ತನ್ನಿರಿ. ಮಗಳನ್ನೂ ಕರೆದುಕೊಂಡು ಬನ್ನಿರಿ, ಅಣ್ಣಾ. ಬೇಡವೆಂದು ಹೇಳಿ ಕಳುಹಿಸಿದ ಮೂರು ಮನೆಯವರಿಗೂ ನಾವೇ ಹೇಳಿ ಕಳುಹಿಸಿದ್ದೇವೆ. ಯಾವುದಕ್ಕೆ ಅಂಜಿದರೋ ಅದನ್ನು ಅವರೂ ಒಮ್ಮೆ ಕಣ್ಣಾರೆ ಕಾಣಲಿ.