ಉತ್ತರ ಯಾವ ಐಪಿಯಿಂದ ಹೋಗಬೇಕು?

ಇವತ್ತು ನನ್ನ ಎರಡು ರಾತ್ರಿಯ ನಿದ್ದೆ ಕೆಡಿಸಿದ ಒಂದು ಬಗ್ ಬಗ್ಗೆ ಹೇಳ್ತೀನಿ.

ಆಫೀಸಿನ ಒಳಗಿನ ಬಳಕೆಗೆ ನಾನೊಂದು ಪುಟ್ಟ ಡಿಎನ್‌ಎಸ್ ಸರ್ವರ್ ಬರೆದಿದ್ದೆ. ಲಿನಕ್ಸ್ ಮಷೀನು, ಐಪಿ 10.0.0.5. ಆಮೇಲೆ ಅದೇ ಇಂಟರ್‌ಫೇಸಿಗೆ 10.0.0.9 ಅಂತ ಇನ್ನೊಂದು ಐಪಿ ಸೇರಿಸಿದೆ. ಹೊಸ ಐಪಿಗೆ ಪಿಂಗ್ ಮಾಡಿದರೆ ಉತ್ತರ ಬರುತ್ತೆ, ಟಿಸಿಪಿಯಲ್ಲಿ ಕೇಳಿದರೂ ಬರುತ್ತೆ. ಯುಡಿಪಿಯಲ್ಲಿ ಮಾತ್ರ ಟೈಮ್‌ಔಟ್. "ನಿಮ್ಮ ಫೈರ್‌ವಾಲ್ ತಡೀತಿದೆ" ಅಂತ ನೆಟ್‌ವರ್ಕ್ ತಂಡಕ್ಕೆ ಸ್ವಲ್ಪ ಖಾರವಾಗಿಯೇ ಮೇಲ್ ಹಾಕಿದೆ.

ಕೊನೆಗೆ ಟಿಸಿಪಿಡಂಪ್ ಹಾಕಿ ನೋಡಿದರೆ, ಪ್ರಶ್ನೆ ಬಂದಿದ್ದು 10.0.0.9ಕ್ಕೆ, ಉತ್ತರ ಹೊರಟಿದ್ದು 10.0.0.5ರಿಂದ!

ನಮ್ಮ ಎರಡು ಸಿಮ್ಮಿನ ಕಥೆ ಇದು. ಊರಿಂದ ಅಮ್ಮ ಹಳೇ ನಂಬರಿಗೆ ಮಿಸ್ಡ್ ಕಾಲ್ ಕೊಡ್ತಾರೆ, ನಾವು ಪುಣೆಯ ಹೊಸ ಸಿಮ್ಮಿಂದ ತಿರುಗಿ ಮಾಡ್ತೀವಿ. ಗೊತ್ತಿಲ್ಲದ ನಂಬರು, ಅಮ್ಮ ಎತ್ತಲ್ಲ. ಅಮ್ಮನದೇನೂ ತಪ್ಪಿಲ್ಲ. ಡಿಎನ್‌ಎಸ್ ಕ್ಲೈಂಟ್ ಕೂಡ ಹಾಗೆಯೇ: ಬೇರೆ ಐಪಿಯಿಂದ ಬಂದ ಉತ್ತರವನ್ನು ನಂಬಿದರೆ ಯಾರು ಬೇಕಾದರೂ ಸುಳ್ಳು ಉತ್ತರ ತುರುಕಬಹುದು.

ಯಾಕೆ ಹೀಗಾಯ್ತು? ಸಾಕೆಟ್ಟನ್ನು 0.0.0.0ಗೆ ಬೈಂಡ್ ಮಾಡಿದ್ದೆ, ಅಂದರೆ ಯಾವ ಐಪಿಗೆ ಬಂದರೂ ನನಗೇ ಕೊಡು ಅಂತ. ಟಿಸಿಪಿಯಲ್ಲಿ ಕನೆಕ್ಷನ್ ಆದಾಗಲೇ ಎರಡೂ ಕಡೆಯ ಐಪಿ ನಿಗದಿಯಾಗುತ್ತೆ. ಪಿಂಗಿಗೆ ಕರ್ನಲ್ಲೇ ಸರಿಯಾದ ಐಪಿಯಿಂದ ಉತ್ತರ ಕೊಡುತ್ತೆ. ಆದರೆ ಇಂಥ ಯುಡಿಪಿ ಸಾಕೆಟ್ಟಿನಲ್ಲಿ ಪ್ರತಿ ಉತ್ತರವೂ ಕರ್ನಲ್‌ಗೆ ಹೊಸ ಪ್ಯಾಕೆಟ್ಟು. ರೂಟಿಂಗ್ ಟೇಬಲ್ ನೋಡಿ ತಾನೇ ಒಂದು ಐಪಿ ಆರಿಸುತ್ತೆ. ನನ್ನ ಮಷೀನಿನಲ್ಲಿ ಅದು ಮೊದಲಿನ ಐಪಿ.

ಪ್ರಶ್ನೆ ಯಾವ ವಿಳಾಸಕ್ಕೆ ಬಂತೋ ಉತ್ತರವೂ ಅಲ್ಲಿಂದಲೇ ಹೋಗಬೇಕು ಅಂತ 1997ರ ಆರ್‌ಎಫ್‌ಸಿ 2181 ಸ್ಪಷ್ಟವಾಗಿ ಹೇಳಿದೆ. ಮಾಡೋಕೆ ಎರಡು ದಾರಿ. ಒಂದು, ಪ್ರತಿ ಐಪಿಗೂ ಬೇರೆ ಬೇರೆ ಸಾಕೆಟ್ ತೆರೆಯೋದು. ಇದು ಸರಳ, ಆದರೆ ನಾಳೆ ಹೊಸ ಐಪಿ ಸೇರಿಸಿದರೆ ಅದಕ್ಕೂ ಸಾಕೆಟ್ ತೆರೆಯಬೇಕು. ಇನ್ನೊಂದು, ಲಿನಕ್ಸಿನ ಐಪಿ_ಪಿಕೆಟಿಇನ್ಫೋ ಆಪ್ಷನ್. ಪ್ಯಾಕೆಟ್ ಯಾವ ಐಪಿಗೆ ಬಂತು ಅಂತ ಕರ್ನಲ್ ಜೊತೆಗೇ ತಿಳಿಸುತ್ತೆ. ಉತ್ತರ ಕಳಿಸುವಾಗ ಅದನ್ನೇ ಸೋರ್ಸ್ ಅಂತ ವಾಪಸ್ ಕೊಟ್ಟರಾಯ್ತು. ನಾನು ಇದನ್ನೇ ಮಾಡಿದೆ.

ಮಾರನೇ ದಿನ ಕ್ಷಮೆ ಕೇಳಿ ಇನ್ನೊಂದು ಮೇಲ್ ಹಾಕಿದೆ. ನೀವು ಯುಡಿಪಿ ಸರ್ವರ್ ಬರೆದರೆ, ಎರಡು ಐಪಿ ಇರೋ ಮಷೀನಿನಲ್ಲೂ ಒಮ್ಮೆ ಟೆಸ್ಟ್ ಮಾಡಿ. ಫೈರ್‌ವಾಲಿನವರನ್ನು ಆಮೇಲೆ ಬೈಯಬಹುದು.

ಮುಂದಿನ ವಿಡಿಯೋದಲ್ಲಿ ಸಿಗೋಣ.